ದಿ ಸ್ಕಾರ್ಲೆಟ್ ಲೆಟರ್ ಕಾದಂಬರಿಯಲ್ಲಿ ಪಾಪದ ತಾರತಮ್ಯ

ದಿ ಸ್ಕಾರ್ಲೆಟ್ ಲೆಟರ್ ಅಮೆರಿಕದ ಲೇಖಕ ನಥಾನಿಯಲ್ ಹಾಥಾರ್ನ್ 1850ರಲ್ಲಿ ಪ್ರಕಟಿಸಿದ ಕಾದಂಬರಿ. ಇದರ ಕಥೆಯು 17ನೆಯ ಶತಮಾನದ ನಡುಭಾಗದಲ್ಲಿ, ಪ್ಯೂರಿಟನ್ ಪಂಥೀಯರ ಆಡಳಿತವಿದ್ದ ಬಾಸ್ಟನ್‌ನಲ್ಲಿ ನಡೆಯುತ್ತದೆ. ಹೆಸ್ಟರ್ ಪ್ರಿನ್, ಪಾದ್ರಿ ಆರ್ಥರ್ ಡಿಮ್ಸ್‌ಡೇಲ್ ಮತ್ತು ವೈದ್ಯ ರೋಜರ್ ಚಿಲ್ಲಿಂಗ್‌ವರ್ತ್ ಇವರಲ್ಲಿ ಯಾರ ಪಾಪ ಹೆಚ್ಚಿನದು ಎಂಬುದು ಕೃತಿಯ ಮುಖ್ಯ ಪ್ರಶ್ನೆಗಳಲ್ಲಿ ಒಂದು. ಕಾನೂನು ವಿಧಿಸಿದ ಶಿಕ್ಷೆಗೂ ಕೃತಿಯು ಸೂಚಿಸುವ ಅಪರಾಧದ ಪ್ರಮಾಣಕ್ಕೂ ಇಲ್ಲಿ ಹೊಂದಾಣಿಕೆಯಿಲ್ಲ.

ಹೆಸ್ಟರ್ ಪ್ರಿನ್

ಪತಿಯು ದೂರದಲ್ಲಿದ್ದಾಗ ಹೆಣ್ಣುಮಗುವಿಗೆ ಜನ್ಮ ನೀಡಿದ ಹೆಸ್ಟರ್, ವ್ಯಭಿಚಾರಕ್ಕಾಗಿ ಸೆರೆವಾಸ ಅನುಭವಿಸುತ್ತಾಳೆ. ಜನರೆದುರು ಶಿಕ್ಷಾವೇದಿಕೆಯ ಮೇಲೆ ನಿಲ್ಲುವುದಲ್ಲದೆ, ಎದೆಯ ಮೇಲೆ ಇಂಗ್ಲಿಷಿನ ‘ಎ’ ಅಕ್ಷರವನ್ನು ಕೆಂಪು ಬಟ್ಟೆಯಲ್ಲಿ ಧರಿಸಬೇಕಾಗುತ್ತದೆ. ಆಕೆ ತನ್ನ ತಪ್ಪನ್ನು ಮರೆಮಾಚುವುದಿಲ್ಲ. ಹೊಲಿಗೆಯಿಂದ ಜೀವನ ಸಾಗಿಸುತ್ತಾ ಬಡವರ ಹಾಗೂ ರೋಗಿಗಳ ಸೇವೆ ಮಾಡುತ್ತಾಳೆ. ಆದರೂ ಆಕೆ ಪೂರ್ಣ ನಿರ್ದೋಷಿಯಲ್ಲ. ಚಿಲ್ಲಿಂಗ್‌ವರ್ತ್ ತನ್ನ ಪತಿಯೆಂಬ ಸತ್ಯವನ್ನು 7 ವರ್ಷ ಮುಚ್ಚಿಟ್ಟು, ಡಿಮ್ಸ್‌ಡೇಲ್ ತನ್ನ ಶತ್ರುವನ್ನೇ ನಂಬುವಂತಾಗಲು ಕಾರಣಳಾಗುತ್ತಾಳೆ.

ಆರ್ಥರ್ ಡಿಮ್ಸ್‌ಡೇಲ್

ಡಿಮ್ಸ್‌ಡೇಲ್ ಮಗುವಿನ ತಂದೆ. ಹೆಸ್ಟರಳ ಪಾಪವೇ ಆತನ ಪಾಪವೂ ಹೌದು. ಆದರೆ ಶಿಕ್ಷೆಯನ್ನು ಆಕೆಯೊಬ್ಬಳೇ ಹೊರುತ್ತಾಳೆ. ಪ್ರವಚನಪೀಠದಿಂದ ಆತ ತನ್ನನ್ನು ಪಾಪಿಯೆಂದು ಕರೆದುಕೊಂಡರೂ ಪಾಪ ಯಾವುದೆಂದು ಹೇಳುವುದಿಲ್ಲ. ಇದನ್ನು ವಿನಯವೆಂದು ತಿಳಿದ ಜನರು ಆತನನ್ನು ಇನ್ನಷ್ಟು ಪೂಜ್ಯನೆಂದು ಭಾವಿಸುತ್ತಾರೆ. ಹೀಗೆ ಮೂಲ ಪಾಪಕ್ಕೆ ಕಪಟವೂ ಸೇರುತ್ತದೆ. ರಹಸ್ಯವಾಗಿ ಮಾಡಿದ ಉಪವಾಸ, ದೇಹದಂಡನೆಗಳಿಂದ ಆತನಿಗೆ ಶಾಂತಿ ದೊರೆಯುವುದಿಲ್ಲ. ಕೊನೆಗೆ ಅದೇ ವೇದಿಕೆಯನ್ನೇರಿ ಬಹಿರಂಗವಾಗಿ ತಪ್ಪೊಪ್ಪಿಕೊಂಡು ಪ್ರಾಣಬಿಡುತ್ತಾನೆ.

ರೋಜರ್ ಚಿಲ್ಲಿಂಗ್‌ವರ್ತ್

ಹೆಸ್ಟರಳ ಪತಿಯಾದ ಈತ ಆರಂಭದಲ್ಲಿ ಅನ್ಯಾಯಕ್ಕೊಳಗಾದವನು. ತನ್ನನ್ನು ಪ್ರೀತಿಸದ ತರುಣಿಯನ್ನು ಮದುವೆಯಾದದ್ದು ತನ್ನದೇ ತಪ್ಪೆಂದು ಸೆರೆಮನೆಯಲ್ಲಿ ಒಪ್ಪಿಕೊಳ್ಳುತ್ತಾನೆ. ಆದರೆ ಮುಂದೆ ಹೆಸರು ಬದಲಿಸಿಕೊಂಡು, ಚಿಕಿತ್ಸೆಯ ನೆಪದಲ್ಲಿ ಡಿಮ್ಸ್‌ಡೇಲ್‌ನೊಡನೆ ವಾಸಿಸಿ, ಆತನ ಮನಸ್ಸನ್ನು ವರ್ಷಗಟ್ಟಲೆ ಹಿಂಸಿಸುತ್ತಾನೆ. ಇದಕ್ಕೆ ಯಾವ ನ್ಯಾಯಾಲಯದಲ್ಲಿಯೂ ಶಿಕ್ಷೆಯಾಗುವುದಿಲ್ಲ.

ತುಲನೆ

17ನೆಯ ಅಧ್ಯಾಯದಲ್ಲಿ ಡಿಮ್ಸ್‌ಡೇಲ್ ವೈದ್ಯನ ಸೇಡನ್ನೇ ಅತ್ಯಂತ ಘೋರ ಪಾಪವೆಂದು ನಿರ್ಣಯಿಸುತ್ತಾನೆ. ತಮ್ಮಿಬ್ಬರ ಪಾಪ ಭಾವಾವೇಗದಿಂದ ಹುಟ್ಟಿದರೆ, ವೈದ್ಯನದು ಉದ್ದೇಶಪೂರ್ವಕವಾಗಿ ಇನ್ನೊಬ್ಬರ ಅಂತರಂಗವನ್ನು ಭಂಗಪಡಿಸಿದ ಕೃತ್ಯ ಎಂಬುದು ಆತನ ವಾದ. ಆದರೆ ಹೀಗೆ ಹೇಳುವವನು ಸ್ವತಃ ಅಪರಾಧಿಯಾದುದರಿಂದ ಇದನ್ನೇ ಲೇಖಕನ ಅಂತಿಮ ತೀರ್ಪೆಂದು ಪರಿಗಣಿಸಲಾಗದು. ಕೊನೆಯ ಅಧ್ಯಾಯದಲ್ಲಿ ನಿರೂಪಕನು ಚಿಲ್ಲಿಂಗ್‌ವರ್ತ್‌ನ ಬಗೆಗೂ ಕರುಣೆ ತೋರಲು ಬಯಸುತ್ತಾನೆ. ಆತ ತನ್ನ ಆಸ್ತಿಯನ್ನು ಹೆಸ್ಟರಳ ಮಗಳು ಪರ್ಲ್‌ಗೆ ಬಿಟ್ಟುಹೋಗಿರುತ್ತಾನೆ. ಅನೇಕ ವರ್ಷಗಳ ನಂತರ ಬಾಸ್ಟನ್‌ಗೆ ಮರಳಿದ ಹೆಸ್ಟರ್, ಯಾರ ಒತ್ತಾಯವೂ ಇಲ್ಲದೆ ಆ ಅಕ್ಷರವನ್ನು ಮತ್ತೆ ಧರಿಸುತ್ತಾಳೆ.