ಅಮೆರಿಕಕ್ಕೆ ಹೊರಡುವ ಮುಂಚೆ ಮಕ್ಕಳ ವಯಸ್ಸು ಲೆಕ್ಕ ಹಾಕಿ

"ಅಲ್ಲಿ ಶಾಲೆ ಫ್ರೀ ಅಂತೆ, ಪುಸ್ತಕ ಫ್ರೀ ಅಂತೆ, ಬಸ್ಸು ಮನೆ ಹತ್ತಿರಕ್ಕೇ ಬರ್ತದಂತೆ." ಅಮೆರಿಕದ ಮಾತು ಎದ್ದಾಗಲೆಲ್ಲ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವುದು ಇದೇ. ಮಾತು ಸುಳ್ಳಲ್ಲ. ಅಲ್ಲಿನ ಸರಕಾರಿ ಶಾಲೆಯಲ್ಲಿ 12ನೇ ತರಗತಿ ಮುಗಿಯುವ ತನಕ ಫೀಸಿಲ್ಲ. ತಂದೆ ಕೆಲಸದ ವೀಸಾದಲ್ಲಿದ್ದರೂ ಸರಿ, ಗ್ರೀನ್ ಕಾರ್ಡ್ ಇದ್ದರೂ ಸರಿ, ಮಗುವಿಗೆ ಶಾಲೆಯ ಬಾಗಿಲು ತೆರೆದೇ ಇರುತ್ತದೆ. ಪ್ರಶ್ನೆ ಇರುವುದು 12ರ ಆಚೆ. ಆ ಪ್ರಶ್ನೆಯನ್ನು ಟಿಕೆಟ್ ಬುಕ್ ಆದ ಮೇಲೆ ಕೇಳಿದರೆ ತಡವಾಗುತ್ತದೆ.

ಪರದೇಶದ ಲೆಕ್ಕ ನಮಗೆ ಹೊಸತಲ್ಲ. ಆದರೆ ನಾವು ಕಲಿತದ್ದು ಗಲ್ಫ್ ಲೆಕ್ಕ. ತಂದೆ ದುಬೈಯಲ್ಲೋ ಜುಬೈಲಿನಲ್ಲೋ ದುಡಿಯುತ್ತಾರೆ, ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ಮಕ್ಕಳು ಅಲ್ಲೇ ಇಂಡಿಯನ್ ಸ್ಕೂಲಿನಲ್ಲಿ ಹತ್ತೋ ಹನ್ನೆರಡೋ ಮುಗಿಸಿ ಕಾಲೇಜಿಗೆ ಮಂಗಳೂರಿಗೋ ದೇರಳಕಟ್ಟೆಗೋ ಬರುತ್ತಾರೆ. ದಿರ್ಹಮಿನಲ್ಲಿ ದುಡಿದು ರೂಪಾಯಿಯಲ್ಲಿ ಫೀಸು ಕಟ್ಟುವುದು, ಅಷ್ಟೇ ಅದರ ಗುಟ್ಟು. ಅಮೆರಿಕದಲ್ಲಿ ಡಾಲರಿನಲ್ಲಿ ದುಡಿದು ಡಾಲರಿನಲ್ಲೇ ಕಟ್ಟಬೇಕು, ತೆರಿಗೆ ಕಳೆದ ಮೇಲೆ ಉಳಿದದ್ದರಲ್ಲಿ.

ತಲೆ ಎಣಿಸಿ ಲೆಕ್ಕ ಹಾಕುವ ಪಾಠವನ್ನು ಸೌದಿ ನಮಗೆ ಒಮ್ಮೆ ಕಲಿಸಿದೆ. 2017ರ ಜುಲೈಯಿಂದ ಅವಲಂಬಿತರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು, ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400 ಆಯಿತು. ಹೆಂಡತಿ, ಮೂರು ಮಕ್ಕಳಿದ್ದವರಿಗೆ ತಿಂಗಳಿಗೆ 1,600 ರಿಯಾಲ್. ಫ್ಯಾಮಿಲಿಯನ್ನು ಊರಿಗೆ ಕಳಿಸಿದ ಎಷ್ಟೋ ಮನೆಗಳು ನಮ್ಮಲ್ಲಿವೆ. ಅಮೆರಿಕದಲ್ಲಿ ಅಂಥ ತಲೆಗಂದಾಯ ಇಲ್ಲ. ಅಲ್ಲಿ ಎಣಿಸಬೇಕಾದ್ದು ಮಕ್ಕಳ ಹುಟ್ಟಿದ ದಿನಾಂಕ.

ಒಂದೇ ಕಾಲೇಜು, ಎರಡು ಫೀಸು

ಅಲ್ಲಿನ ಸರಕಾರಿ ವಿಶ್ವವಿದ್ಯಾಲಯಗಳು ಆಯಾ ರಾಜ್ಯದ ತೆರಿಗೆ ಹಣದಲ್ಲಿ ನಡೆಯುವುದರಿಂದ ರಾಜ್ಯದವರಿಗೆ ಒಂದು ದರ, ಹೊರಗಿನವರಿಗೆ ಇನ್ನೊಂದು ದರ. ಅಮೆರಿಕದ ಕಾಲೇಜ್ ಬೋರ್ಡ್ 2024-25ಕ್ಕೆ ಕೊಟ್ಟ ಸರಾಸರಿ ಹೀಗಿದೆ. ನಾಲ್ಕು ವರ್ಷದ ಸರಕಾರಿ ಕಾಲೇಜಿನಲ್ಲಿ ರಾಜ್ಯದವರಿಗೆ ವರ್ಷಕ್ಕೆ 11,610 ಡಾಲರ್, ಹೊರಗಿನವರಿಗೆ 30,780. ಖಾಸಗಿ ಕಾಲೇಜು 43,350. ಡಾಲರಿಗೆ 85 ರೂಪಾಯಿಯಂತೆ ಹಿಡಿದರೂ ಮೊದಲನೆಯದು ಹತ್ತು ಲಕ್ಷಕ್ಕೆ ಸ್ವಲ್ಪ ಕಡಿಮೆ, ಎರಡನೆಯದು 26 ಲಕ್ಷ ದಾಟುತ್ತದೆ. ಇದು ಬರೀ ಫೀಸು. ಹಾಸ್ಟೆಲ್, ಊಟ, ಪುಸ್ತಕ ಸೇರಿದರೆ ರಾಜ್ಯದವರಿಗೂ ಸುಮಾರು 30 ಸಾವಿರ ಡಾಲರ್.

ರಾಜ್ಯದವರು ಅನ್ನಿಸಿಕೊಳ್ಳಲು ಸಾಮಾನ್ಯವಾಗಿ 12 ತಿಂಗಳು ಅಲ್ಲಿ ವಾಸವಿರಬೇಕು. ಇನ್ನೂ ತಂದೆ ತಾಯಿಯ ಖರ್ಚಿನಲ್ಲಿರುವ ವಿದ್ಯಾರ್ಥಿಗೆ ಅನೇಕ ರಾಜ್ಯಗಳು ನೋಡುವುದು ತಂದೆ ತಾಯಿಯ ವಾಸವನ್ನು. ಇಲ್ಲಿ ನಮ್ಮ ಹಳೆ ಗಲ್ಫ್ ಪದ್ಧತಿ ಉಪಕಾರಕ್ಕೆ ಬರುತ್ತದೆ ನೋಡಿ. ತಂದೆ ಒಂದು ವರ್ಷ ಮುಂಚೆ ಹೋಗಿ ಮನೆ ಹಿಡಿದು, ಬಾಡಿಗೆ ಪತ್ರ, ಲೈಸನ್ಸ್, ತೆರಿಗೆ ಕಾಗದ ಎಲ್ಲ ಮಾಡಿಟ್ಟುಕೊಂಡರೆ, ಮಗ ಇಲ್ಲಿ ಸೆಕೆಂಡ್ ಪಿಯುಸಿ ಮುಗಿಸಿ ಬಂದಾಗ ವರ್ಷದ ಲೆಕ್ಕ ಆಗಲೇ ಆಗಿರುತ್ತದೆ. ಕೆಲವು ರಾಜ್ಯಗಳು ಮಗನೂ ಅಲ್ಲಿ ಇರಬೇಕು ಅನ್ನುತ್ತವೆ. ಆದ್ದರಿಂದ ಆ ವಿಶ್ವವಿದ್ಯಾಲಯಕ್ಕೇ ಇಮೇಲ್ ಬರೆದು ಉತ್ತರವನ್ನು ಬರಹದಲ್ಲಿ ತರಿಸಿಕೊಳ್ಳಿ. ಭಾವ ಹೇಳಿದ, ಮೈದುನ ಹೇಳಿದ ಅನ್ನುವುದು ಇಲ್ಲಿ ನಡೆಯುವುದಿಲ್ಲ, ಭಾವ ಬೇರೆ ರಾಜ್ಯದಲ್ಲಿರುತ್ತಾನೆ.

ವೀಸಾ ಇದರ ಮೇಲಿನ ಇನ್ನೊಂದು ಗಂಟು. ಎಚ್-1ಬಿ ವೀಸಾದಲ್ಲಿ ಕೆಲಸಕ್ಕೆ ಹೋದವನ ಹೆಂಡತಿ ಮಕ್ಕಳಿಗೆ ಸಿಗುವುದು ಎಚ್-4. ಆ ಮಕ್ಕಳನ್ನು ಸ್ಥಳೀಯರೆಂದು ಒಪ್ಪುವ ರಾಜ್ಯಗಳಿವೆ, ಆದರೆ ನಿಯಮ ರಾಜ್ಯಕ್ಕೊಂದು. ಎಚ್-4 ಮಗು ಕಾಲೇಜಿನ ಲೈಬ್ರರಿಯಲ್ಲೂ ಸಂಬಳಕ್ಕೆ ದುಡಿಯುವಂತಿಲ್ಲ. ಕೇಂದ್ರ ಸರಕಾರದ ಪೆಲ್ ಗ್ರಾಂಟ್ ಆಗಲಿ ಸರಕಾರಿ ಸಾಲವಾಗಲಿ ಅವರಿಗೆ ಸಿಗುವುದಿಲ್ಲ. 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಹೆಚ್ಚಾಗಿ ಅದು ಬರುವುದು ಡಿಗ್ರಿಯ ಮೂರನೇ ವರ್ಷದಲ್ಲಿ. ಆಗ ವಿದ್ಯಾರ್ಥಿ ವೀಸಾ ಎಫ್-1ಕ್ಕೆ ಬದಲಾಯಿಸಬೇಕು. ಬದಲಾದ ಮೇಲೆ ಸ್ಥಳೀಯ ದರ ಉಳಿಯುತ್ತದೋ ಇಲ್ಲವೋ ಎಂಬುದನ್ನೂ ಆ ಇಮೇಲಿನಲ್ಲೇ ಕೇಳಿಬಿಡಿ.

ಅಷ್ಟರೊಳಗೆ ಗ್ರೀನ್ ಕಾರ್ಡ್ ಬರುವುದಿಲ್ಲವೇ ಅಂದರೆ, ಭಾರತದಲ್ಲಿ ಹುಟ್ಟಿದವರ ಸಾಲು ಬಲು ಉದ್ದ. ಯಾವ ಒಂದು ದೇಶಕ್ಕೂ ವರ್ಷದ ಒಟ್ಟು ಸಂಖ್ಯೆಯ ಶೇ. 7ಕ್ಕಿಂತ ಹೆಚ್ಚು ಕೊಡಬಾರದೆಂಬ ಮಿತಿ ಇದೆ. ಇಬಿ-2, ಇಬಿ-3 ಎಂಬ ಕೆಲಸದ ವರ್ಗಗಳಲ್ಲಿ 2025ರಲ್ಲೂ ಸರದಿ ನಡೆಯುತ್ತಿದ್ದದ್ದು 2013ರ ಹೊತ್ತಿಗೆ ಅರ್ಜಿ ಹಾಕಿದ ಭಾರತೀಯರದ್ದು. ಇಂದು 9 ವರ್ಷದ ಮಗುವನ್ನು ಕರೆದುಕೊಂಡು ಹೋದರೂ 21ರ ಒಳಗೆ ಸರದಿ ಬರುತ್ತದೆಂದು ಯಾರೂ ಬರೆದುಕೊಡಲಾರರು.

1,20,000 ಡಾಲರ್ ಸಂಬಳ ಎಲ್ಲಿ ಹೋಗುತ್ತದೆ?

ಲೆಕ್ಕಕ್ಕಾಗಿ ಒಂದು ಕುಟುಂಬ ಅಂದುಕೊಳ್ಳೋಣ. ಗಂಡ ಹೆಂಡತಿ, 16ರ ಮಗಳು, 9ರ ಮಗ. ಎಚ್-1ಬಿ, ಡಲ್ಲಾಸಿನ ಕಡೆ ಕೆಲಸ, ವರ್ಷಕ್ಕೆ 1,20,000 ಡಾಲರ್. ರೂಪಾಯಿಗೆ ತಿರುಗಿಸಿದರೆ ಒಂದು ಕೋಟಿ ದಾಟುತ್ತದೆ, ಊರಿನಲ್ಲಿ ಸುದ್ದಿಯಾಗುತ್ತದೆ.

ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಕೇಂದ್ರ ತೆರಿಗೆ, ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಸೇರಿ ಸುಮಾರು 18,600 ಹೋಗುತ್ತದೆ. ಮಗುವಿಗೆ ಸರಕಾರ ತೆರಿಗೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಿಡುತ್ತದಂತೆ ಎಂದು ಯಾರಾದರೂ ಹೇಳಿದರೆ, ಅದಕ್ಕೆ ಮಗುವಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಬೇಕು. ಎಚ್-4 ಮಗುವಿಗೆ ಅದು ಸಿಗುವುದಿಲ್ಲ, 500 ಡಾಲರ್ ರಿಯಾಯಿತಿ ಮಾತ್ರ. ಇನ್ನು ಆರೋಗ್ಯ ವಿಮೆ. ಕಂಪೆನಿ ದೊಡ್ಡ ಪಾಲು ಕೊಟ್ಟರೂ, ಕುಟುಂಬದ ವಿಮೆಗೆ ನೌಕರನ ಕೈಯಿಂದ ಹೋಗುವ ಸರಾಸರಿ 2024ರಲ್ಲಿ ವರ್ಷಕ್ಕೆ 6,296 ಡಾಲರ್ ಇತ್ತು. ಇಷ್ಟು ಕಳೆದು ತಿಂಗಳಿಗೆ ಕೈಗೆ ಬರುವುದು 7,900.

ಮುಂದಿನದ್ದು ನನ್ನ ಅಂದಾಜು, ನಿಮ್ಮ ಊರಿಗೆ ಹೊಂದಿಸಿಕೊಳ್ಳಿ. ಒಳ್ಳೆ ಶಾಲೆಯಿರುವ ಕಡೆ ಬಾಡಿಗೆ 2,300. (ಶಾಲೆ ಫ್ರೀ ಅನ್ನುವುದರ ಬೆಲೆ ಇಲ್ಲಿದೆ: ಮನೆಯ ವಿಳಾಸ ನೋಡಿ ಶಾಲೆ ಕೊಡುತ್ತಾರೆ, ಒಳ್ಳೆ ಶಾಲೆಯ ಸುತ್ತ ಬಾಡಿಗೆ ಏರಿರುತ್ತದೆ.) ಕರೆಂಟು, ನೀರು, ಫೋನು 450. ಎರಡು ಕಾರು ಇಲ್ಲದೆ ಡಲ್ಲಾಸಿನಲ್ಲಿ ಕೈಕಾಲು ಇಲ್ಲದಂತೆ, ಅದಕ್ಕೆ 1,200. ಹಲಾಲ್ ಮಾಂಸ ಸೇರಿ ಊಟಕ್ಕೆ ಸಾವಿರ. ಡಾಕ್ಟರ ಬಳಿ ವಿಮೆ ಇದ್ದೂ ನಾವೇ ಕೊಡುವ ಪಾಲು, ಬಟ್ಟೆಬರೆ, ಮಕ್ಕಳ ಸಣ್ಣಪುಟ್ಟದ್ದು 700. ಊರಿಗೆ ಉಮ್ಮನಿಗೆ ಕಳಿಸಲು 600. ಕೂಡಿಸಿ ನೋಡಿ, 6,250. ಉಳಿಯುವುದು ತಿಂಗಳಿಗೆ 1,650, ವರ್ಷಕ್ಕೆ ಹೆಚ್ಚು ಕಡಿಮೆ 20 ಸಾವಿರ.

ಮಗಳು ಮನೆಯಿಂದಲೇ ಹೋಗಿ ಬರುವ ಸರಕಾರಿ ಕಾಲೇಜಿನಲ್ಲಿ ಸ್ಥಳೀಯ ದರದಲ್ಲಿ ಓದಿದರೆ ಪುಸ್ತಕ ಸೇರಿ 13 ಸಾವಿರ. ನಡೆಯುತ್ತದೆ. ಹೊರಗಿನವರ ದರ ಬಿದ್ದರೆ ವರ್ಷಕ್ಕೆ 11 ಸಾವಿರ ಸಾಲದು, ನಾಲ್ಕು ವರ್ಷಕ್ಕೆ 44 ಸಾವಿರ, ಅಂದರೆ 37 ಲಕ್ಷ ರೂಪಾಯಿ. ಅದೇ ಕುಟುಂಬ, ಅದೇ ಸಂಬಳ, ಅದೇ ಕಾಲೇಜು. ಹಾಸ್ಟೆಲ್ ಹಿಡಿದರೆ ಸ್ಥಳೀಯ ದರದಲ್ಲೂ ಹತ್ತು ಸಾವಿರ ಸಾಲದು. ಕೆಲಸ ಹೋದರೆ ಎಚ್-1ಬಿಯವನಿಗೆ ಇನ್ನೊಂದು ಕೆಲಸ ಹುಡುಕಲು ಸಿಗುವುದು ಗರಿಷ್ಠ 60 ದಿನ ಎಂಬುದನ್ನೂ ಇದರ ಪಕ್ಕದಲ್ಲಿ ಬರೆದಿಡಿ.

ಹೆಂಡತಿ ದುಡಿದರೆ ಚಿತ್ರ ಬದಲಾಗುತ್ತದೆ. ಎಚ್-4ರಲ್ಲಿ ಅದಕ್ಕೆ 2015ರಿಂದ ದಾರಿ ಇದೆ, ಆದರೆ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ ಮೇಲೆ ಮಾತ್ರ. ಕಂಪೆನಿಯೇ ತನ್ನ ಅಮೆರಿಕದ ಆಫೀಸಿಗೆ ಎಲ್-1ರಲ್ಲಿ ಕಳಿಸಿದರೆ ಹೆಂಡತಿ ಹೋದ ಕೂಡಲೇ ಕೆಲಸ ಮಾಡಬಹುದು. 2025ರ ಸೆಪ್ಟೆಂಬರಿನಲ್ಲಿ, ಹೊರಗಿನಿಂದ ಹೊಸದಾಗಿ ಕರೆಸುವ ಎಚ್-1ಬಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕೆಂಬ ಆದೇಶ ಬಂದ ಮೇಲೆ ಎಲ್-1ರ ಮಾತು ಹೆಚ್ಚಾಗಿದೆ.

ಅಣ್ಣ ಹಾಕಿದ ಅರ್ಜಿ

ಇನ್ನೊಂದು ಬಾಗಿಲು ರಕ್ತ ಸಂಬಂಧದ್ದು. ಅಮೆರಿಕದ ಪೌರನಾದ ಅಣ್ಣನೋ ಅಕ್ಕನೋ ಒಡಹುಟ್ಟಿದವರಿಗೆ ಎಫ್4 ಅರ್ಜಿ ಹಾಕಬಹುದು. ಭಾರತೀಯರಿಗೆ 2025ರಲ್ಲಿ ಸರದಿ ಬಂದದ್ದು 2006ರಲ್ಲಿ ಹಾಕಿದವರಿಗೆ. ಮದುವೆಯ ಹೊಸತರಲ್ಲಿ ಹಾಕಿದ ಅರ್ಜಿ, ಮಕ್ಕಳು ಕಾಲೇಜು ಹತ್ತುವ ಹೊತ್ತಿಗೆ ಪತ್ರವಾಗಿ ಬರುತ್ತದೆ. 21 ದಾಟಿದ, ಇಲ್ಲವೇ ಮದುವೆಯಾದ ಮಗ, ಮಗಳು ಆ ಪತ್ರದಲ್ಲಿ ಸೇರುವುದಿಲ್ಲ. ಆದರೂ ದೊಡ್ಡವಳು ಹೋಯಿತು ಎಂದು ಕೈಬಿಡಬೇಡಿ. ಅರ್ಜಿ ಮಂಜೂರಾಗಲು ಕಚೇರಿಯಲ್ಲಿ ಕೊಳೆತ ಅವಧಿಯನ್ನು ವಯಸ್ಸಿನಿಂದ ಕಳೆಯುವ ಕಾಯ್ದೆ 2002ರಿಂದ ಇದೆ. ಸರದಿ ಬಂದ ದಿನ 23 ಆಗಿದ್ದು, ಮಂಜೂರಾತಿಗೆ 3 ವರ್ಷ ಹಿಡಿದಿದ್ದರೆ ಲೆಕ್ಕಕ್ಕೆ ಅವಳು 20ರವಳು. ಒಂದು ವರ್ಷದೊಳಗೆ ಮುಂದಿನ ಹೆಜ್ಜೆ ಇಡಬೇಕು ಎಂಬ ಷರತ್ತಿದೆ. ಇಲ್ಲಿ ವಕೀಲನಿಗೆ ಕೊಡುವ ಹಣ ದಂಡವಲ್ಲ.

ಈ ದಾರಿಯಲ್ಲಿ ಹೋದವರ ಕಾಲೇಜು ಲೆಕ್ಕ ತಲೆಕೆಳಗು. ಐವತ್ತರ ತಂದೆಗೆ ಅಲ್ಲಿ ಅಂಗಡಿಯಲ್ಲೋ ಪೆಟ್ರೋಲ್ ಬಂಕಿನಲ್ಲೋ ಸಣ್ಣ ಸಂಬಳ. ಆದರೆ ಮಕ್ಕಳಿಗೆ ಮೊದಲ ದಿನದಿಂದ ಗ್ರೀನ್ ಕಾರ್ಡ್. ವರ್ಷ ಕಳೆದರೆ ಸ್ಥಳೀಯ ದರ. ಆದಾಯ ಕಡಿಮೆ ಇದ್ದವರ ಮಕ್ಕಳಿಗೆ ಪೆಲ್ ಗ್ರಾಂಟ್, ವರ್ಷಕ್ಕೆ ಗರಿಷ್ಠ 7,395 ಡಾಲರ್, ವಾಪಸು ಕಟ್ಟಬೇಕಿಲ್ಲ. ಎರಡು ವರ್ಷದ ಕಮ್ಯುನಿಟಿ ಕಾಲೇಜಿನ ಸರಾಸರಿ ಫೀಸು 2024-25ರಲ್ಲಿ 4,050 ಡಾಲರ್ ಇತ್ತು, ಆದ್ದರಿಂದ ಅದು ಪೂರ್ತಿ ಗ್ರಾಂಟಿನಲ್ಲೇ ಕಳೆಯುತ್ತದೆ. ಬಂಕಿನಲ್ಲಿ ದುಡಿಯುವವನ ಮಗಳಿಗೆ ಆಗುವ ಖರ್ಚು, ಒಂದು ಕೋಟಿ ಸಂಬಳದವನ ಮಗಳ ಖರ್ಚಿಗಿಂತ ಕಡಿಮೆ ಆಗಬಹುದು.

ಕಮ್ಯುನಿಟಿ ಕಾಲೇಜು ಅಂದರೆ ಮೂಗು ಮುರಿಯುವವರಿದ್ದಾರೆ. ಅಲ್ಲಿ ಎರಡು ವರ್ಷ ಓದಿ ದೊಡ್ಡ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಸೇರಿದರೆ ಕೊನೆಗೆ ಕೈಗೆ ಬರುವ ಡಿಗ್ರಿ ಆ ದೊಡ್ಡದರದ್ದೇ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದವರಿಗೆ ಒಂದು ಯೂನಿಟಿಗೆ 46 ಡಾಲರ್, ವರ್ಷದ 30 ಯೂನಿಟಿಗೆ 1,380. ಮಂಗಳೂರಿನ ಎಷ್ಟೋ ಖಾಸಗಿ ಕಾಲೇಜಿನ ಫೀಸಿಗೆ ಹತ್ತಿರದ್ದು. ಬಡ್ಡಿ ಸಾಲದಿಂದ ದೂರ ಇರಬೇಕೆಂಬ ಮನೆಗಳಿಗೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆ ದಾರಿ ಕಾಣುವುದಿಲ್ಲ, ಅಲ್ಲಿನ ಸರಕಾರಿ ವಿದ್ಯಾರ್ಥಿ ಸಾಲವೂ ಬಡ್ಡಿಯದ್ದೇ. ತೀರಾ ಬುದ್ಧಿವಂತ ಮಕ್ಕಳ ಕಥೆ ಬೇರೆ. ಹಾರ್ವರ್ಡ್, ಪ್ರಿನ್ಸ್‌ಟನ್, ಎಂಐಟಿಯಂಥ ಕಡೆ ಸೀಟು ಸಿಕ್ಕರೆ ವೀಸಾ ನೋಡದೆ ಮನೆಯ ಆದಾಯ ನೋಡಿ ನೆರವು ಕೊಡುತ್ತಾರೆ. ಸೀಟು ಸಿಗುವುದೇ ಕಷ್ಟ.

ಊರಿನಲ್ಲಿ ಮುಚ್ಚುವ ಬಾಗಿಲು

ಡಾಕ್ಟರ್ ಮಾಡಬೇಕೆಂಬ ಆಸೆ ನಮ್ಮಲ್ಲಿ ಮನೆಗೊಂದು. ಅಮೆರಿಕದಲ್ಲಿ ಪಿಯುಸಿ ಮುಗಿಸಿ ನೇರ ಎಂಬಿಬಿಎಸ್ ಇಲ್ಲ. ನಾಲ್ಕು ವರ್ಷದ ಡಿಗ್ರಿ, ಆಮೇಲೆ ನಾಲ್ಕು ವರ್ಷ ಮೆಡಿಕಲ್, ಗ್ರೀನ್ ಕಾರ್ಡ್ ಇಲ್ಲದವರನ್ನು ತೆಗೆದುಕೊಳ್ಳದ ಕಾಲೇಜುಗಳೇ ಬಹಳ. ಹಾಗಾದರೆ ವಾಪಸು ಕಳಿಸೋಣ ಅಂದರೆ, ಇಲ್ಲಿ ನೀಟ್ ಬರೆಯಬೇಕು. ಕರ್ನಾಟಕದ ಸರಕಾರಿ ಕೋಟಾದ ಸೀಟಿಗೆ ಸಾಮಾನ್ಯ ನಿಯಮ, ಒಂದರಿಂದ ಸೆಕೆಂಡ್ ಪಿಯುಸಿ ಒಳಗೆ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿ, ಎಸ್ಸೆಸ್ಸೆಲ್ಸಿಯನ್ನೋ ಪಿಯುಸಿಯನ್ನೋ ಇಲ್ಲೇ ಪಾಸಾಗಿರಬೇಕು ಎಂಬುದು. ಏಳನೇ ತರಗತಿ ಮುಗಿಸಿದ ಮಗುವನ್ನು ಕರೆದುಕೊಂಡು ಹೋದವರು ಆ ಸೀಟನ್ನೂ ಬಿಟ್ಟು ಹೋದಂತೆ. ಹತ್ತು ಮುಗಿಸಿ ಹೋದರೆ ಈ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಹೋಗುವ ವರ್ಷ ನಮ್ಮ ಕೈಯಲ್ಲಿದ್ದರೆ ಇದನ್ನು ಗಮನದಲ್ಲಿಡಬೇಕು.

ಹಿರಿಯರ ಲೆಕ್ಕವೂ ಇದೆ. ಗಲ್ಫಿನಿಂದಾದರೆ ಉಮ್ಮನಿಗೆ ಹುಷಾರಿಲ್ಲ ಅಂದರೆ ರಾತ್ರಿ ಹತ್ತಿ ಬೆಳಗ್ಗೆ ಬಜ್ಪೆಯಲ್ಲಿ ಇಳಿಯಬಹುದು. ಅಮೆರಿಕದಿಂದ ಅದು ಒಂದು ದಿನದ ಪ್ರಯಾಣ, ನಾಲ್ಕು ಜನರ ಟಿಕೆಟ್. ಹಿರಿಯರನ್ನು ಅಲ್ಲಿಗೆ ಕರೆಸಿದರೆ ವಿಸಿಟ್ ವೀಸಾದಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳು, ವಿಮೆ ನಮ್ಮ ಕೈಯಿಂದ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಂಡೆಯಲ್ಲಿ, ತಂದೆ ತಾಯಿಯ ಮಾತು ಕೇಳಿ ನಡೆಯಬೇಕೆಂದು ಅಶೋಕ ಕೆತ್ತಿಸಿದ ಶಾಸನವಿದೆ. ಅದನ್ನು ಬರೆದವನು ಚಪಡ ಎಂಬ ಲಿಪಿಕಾರ. ತನ್ನ ಹೆಸರಿನ ಜೊತೆಯ 'ಲಿಪಿಕಾರ' ಎಂಬ ಭಾಗವನ್ನು ಮಾತ್ರ ಅವನು ವಾಯವ್ಯದ, ಗಾಂಧಾರದ ಕಡೆಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಆ ಕಡೆಯಿಂದ ಕೆಲಸಕ್ಕಾಗಿ ಇಷ್ಟು ದೂರ ಬಂದವನಿರಬೇಕು. ಅವನ ತಂದೆ ತಾಯಿಯನ್ನು ಊರಿನಲ್ಲಿ ಯಾರು ನೋಡಿಕೊಳ್ಳುತ್ತಿದ್ದರೋ!

ಕೊನೆಗೆ ಕಾಗದಪತ್ರ. ನಮ್ಮ ಮಕ್ಕಳ ಹೆಸರು ಪಾಸ್‌ಪೋರ್ಟಿನಲ್ಲಿ ಒಂದು ಥರ, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಥರ ಇರುವುದು ಮಾಮೂಲು. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ತಂದೆಯ ಹೆಸರು, ಮುಹಮ್ಮದ್ ಎಂಬುದಕ್ಕೆ ನಾಲ್ಕು ಸ್ಪೆಲ್ಲಿಂಗ್. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು, ಅಂದರೆ 'ಮೊದಲ ಹೆಸರು ಗೊತ್ತಿಲ್ಲ' ಎಂದು ಬೀಳುತ್ತದೆ. ಶಾಲೆ, ಲೈಸನ್ಸ್, ಕಾಲೇಜು ಅರ್ಜಿ ಎಲ್ಲದರಲ್ಲೂ ಮಗು ಆ ಹೆಸರಿನಲ್ಲೇ ತಿರುಗಬೇಕಾಗುತ್ತದೆ. ವೀಸಾ ಸಂದರ್ಶನಕ್ಕೆ ಮೊದಲೇ ಪಾಸ್‌ಪೋರ್ಟ್ ಸರಿಮಾಡಿಸಿ. ಎಂಟನೇ ತರಗತಿಯಿಂದ ಈಚಿನ ಅಂಕಪಟ್ಟಿಗಳನ್ನು ಶಾಲೆಯ ಮೊಹರು ಹಾಕಿಸಿ, ಚುಚ್ಚುಮದ್ದಿನ ಕಾರ್ಡಿನ ಜೊತೆ ಕೈಚೀಲದಲ್ಲೇ ಇಟ್ಟುಕೊಳ್ಳಿ, ಲಗೇಜಿಗೆ ಹಾಕಬೇಡಿ.