ಹರಿಕೇನ್ ಏಳುವುದು ಹೇಗೆ?



ಹೊಂಡುರಾಸ್ ದೇಶಕ್ಕೆ ಬಿರುಗಾಳಿ ಹೊಡೆಯಿತೆಂಬ ಸುದ್ದಿ ಬಂದರೆ ಕಾಫಿ ಬೆಳೆಗಾರರಾದ ನಾವು ಮೊದಲು ಕೇಳುವುದು ಧಾರಣೆಯನ್ನು. ಆ ಗಾಳಿ ಎದ್ದದ್ದು ಹೇಗೆಂದು ಕೇಳುವವರು ಕಡಿಮೆ. ಅದರ ಒಂದು ಕೊಂಡಿ ನಮ್ಮ ಮುಂಗಾರಿಗೂ ತಗುಲಿರುವುದರಿಂದ ಈ ಸಲ ನಾಲ್ಕು ಮಾತು ಬರೆಯುತ್ತಿದ್ದೇವೆ.

ಬಂಗಾಳ ಕೊಲ್ಲಿಯಲ್ಲಿ ನಾವು ಚಂಡಮಾರುತ ಎನ್ನುವುದನ್ನೇ ಅಟ್ಲಾಂಟಿಕ್ ಸಾಗರದಲ್ಲಿ ಹರಿಕೇನ್ ಎನ್ನುತ್ತಾರೆ. ಅದಕ್ಕೆ ಸುಮಾರು 26 ಡಿಗ್ರಿ ಸೆಂಟಿಗ್ರೇಡಿಗೂ ಮೇಲ್ಪಟ್ಟ ಬೆಚ್ಚಗಿನ ನೀರು ಬೇಕು, ನಿಜ. ಆದರೆ ಅಲ್ಲಿ ತಿಂಗಳುಗಟ್ಟಲೆ ನೀರು ಬೆಚ್ಚಗೇ ಇರುತ್ತದೆ. ದಿನವೂ ಹರಿಕೇನ್ ಏಳುವುದಿಲ್ಲ. ಬೀಜ ಬೇರೆ ಕಡೆಯಿಂದ ಬರಬೇಕು.

ಆ ಬೀಜ ಹೆಚ್ಚಾಗಿ ಬರುವುದು ಆಫ್ರಿಕಾದಿಂದ. ಬಡಗಣಕ್ಕೆ ಕಾದ ಸಹಾರಾ ಮರುಭೂಮಿ, ತೆಂಕಣಕ್ಕೆ ತೇವದ ಗಿನಿ ಕರಾವಳಿ. ಈ ಎರಡರ ಉಷ್ಣಮಾನದ ಅಂತರದಿಂದ ಮೂರು ನಾಲ್ಕು ಕಿಲೋಮೀಟರ್ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಜೋರು ಗಾಳಿ ಹರಿಯುತ್ತದೆ. ಅದು ಹೊಳೆಯಂತೆ ಅಂಕುಡೊಂಕಾಗಿ, ಅಲೆಗಳಾಗಿ ಸಾಗರಕ್ಕೆ ಇಳಿಯುತ್ತದೆ. ವರ್ಷಕ್ಕೆ ಸುಮಾರು 60 ಅಲೆಗಳು. ಹರಿಕೇನ್ ಆಗುವುದು ಕೆಲವು ಮಾತ್ರ.

ಉಳಿದವು ಏಕೆ ಆಗುವುದಿಲ್ಲ? ಗಾಳಿಯಿಲ್ಲದ ಬೆಳಿಗ್ಗೆ ಬಚ್ಚಲೊಲೆಯ ಹೊಗೆ ನೆಟ್ಟಗೆ ಏರುತ್ತದೆ. ಮೇಲೆ ಗಾಳಿ ಬೀಸಿದರೆ ಬಾಗಿ ಚದುರುತ್ತದೆ. ಬಿರುಗಾಳಿಯ ಕಂಬವೂ ಹಾಗೆಯೇ. ಕೆಳಗಿನ ಗಾಳಿ ಒಂದು ಕಡೆಗೆ, ಮೇಲಿನದು ಇನ್ನೊಂದು ಕಡೆಗೆ ಬೀಸಿದರೆ ಅದು ನಿಲ್ಲಲಾರದು. ಶಾಂತಸಾಗರದ ನಡು ಮತ್ತು ಮೂಡಣ ಭಾಗ ಬಿಸಿಯೇರುವ ಎಲ್ ನಿನೊ ವರ್ಷಗಳಲ್ಲಿ ಕೆರಿಬಿಯನ್ ಮೇಲೆ ಎತ್ತರದ ಪಡುವಣ ಗಾಳಿ ಬಲಿಯುತ್ತದೆ. ಹರಿಕೇನ್‌ಗಳು ಸಾಮಾನ್ಯವಾಗಿ ಕಡಿಮೆಯಾಗುತ್ತವೆ. ನಮ್ಮ ಮುಂಗಾರನ್ನು ಅನೇಕ ಸಲ ಸೊರಗಿಸುವುದೂ ಇದೇ ಎಲ್ ನಿನೊ.

1997ರಲ್ಲಿ ಪ್ರಬಲ ಎಲ್ ನಿನೊ ಇತ್ತು, ಅಟ್ಲಾಂಟಿಕ್ ತಣ್ಣಗಿತ್ತು. ಮರುವರ್ಷ ಅದು ಹೋಗಿ, ತದ್ವಿರುದ್ಧವಾದ ಲಾ ನಿನಾ ಬಂತು. 1998ರ ಅಕ್ಟೋಬರಿನಲ್ಲಿ ಆಫ್ರಿಕಾದಿಂದ ಹೊರಟ ಒಂದು ಅಲೆ ಎರಡು ವಾರದಲ್ಲಿ ಕೆರಿಬಿಯನ್ ತಲುಪಿ ‘ಮಿಚ್’ ಆಯಿತು. ಅದನ್ನು ಮುಂದೆ ತಳ್ಳುವ ಗಾಳಿ ದುರ್ಬಲವಾಗಿದ್ದುದರಿಂದ ಹೊಂಡುರಾಸ್ ಬಳಿಯೇ ತಡವರಿಸಿತು. ಬಿರುಸಿಗಿಂತ ಮಳೆಯೇ ಹೆಚ್ಚು ಕೊಂದಿತು: ಗುಡ್ಡಗಳು ಜರಿದವು, ಹೊಂಡುರಾಸ್ ಮತ್ತು ನಿಕರಾಗುವಾಗಳಲ್ಲಿ ಸಾವಿರಾರು ಜನ ಸತ್ತರು. ಇಳಿಜಾರಿನಲ್ಲಿ ತೋಟ ಮಾಡಿಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೂ ಎಲ್ ನಿನೊ ಎಂದೊಡನೆ ಪಂಚಾಂಗದಂತೆ ನಂಬುವವರಿಗೆ ಒಂದು ಮಾತು. 1997ರಲ್ಲಿ ದೇಶದ ಮುಂಗಾರು ಕೈಕೊಡಲಿಲ್ಲ. 2023ರಲ್ಲಿ ಎಲ್ ನಿನೊ ಬಂದು ನಮ್ಮ ಆಗಸ್ಟ್ ಒಣಗಿತು. ಅಟ್ಲಾಂಟಿಕ್‌ನಲ್ಲಿ ಮಾತ್ರ ನೀರು ಎಂದಿಲ್ಲದಷ್ಟು ಬಿಸಿಯಾಗಿ, ಮೇಲಿನ ಗಾಳಿಯ ಅಡ್ಡಿಯನ್ನೂ ಮೀರಿ 20 ಬಿರುಗಾಳಿಗಳು ಎದ್ದವು.