ಕೂದಲು ಉದುರ್ತಿದ್ಯಾ? ಬಯೋಟಿನ್ ಮಾತ್ರೆ ತಗೊಳ್ಳೋ ಮುಂಚೆ ಇದನ್ನ ಓದಿ



ಈಗ ಮೊಬೈಲ್ ತೆಗೆದರೆ ಸಾಕು, ಬಯೋಟಿನ್ ಮಾತ್ರೆಯ ಜಾಹೀರಾತು. ಕೂದಲು ದಟ್ಟ ಆಗುತ್ತೆ, ಉಗುರು ಗಟ್ಟಿ ಆಗುತ್ತೆ ಅಂತಾರೆ. ತಗೊಳ್ಳೋದಾ ಬೇಡ್ವಾ ಅಂತ ಕೇಳುವವರಿಗೆ ನನ್ನ ಮರುಪ್ರಶ್ನೆ ಒಂದೇ: ಮಣ್ಣು ಪರೀಕ್ಷೆ ಮಾಡಿಸದೆ ಹೊಲಕ್ಕೆ ಜಿಂಕ್ ಸುರೀತೀರಾ?

ಬಯೋಟಿನ್ ಅಂದ್ರೆ ಬಿ7 ಜೀವಸತ್ವ. ತಿಂದ ಅನ್ನ, ಬೇಳೆ, ಎಣ್ಣೆಯನ್ನು ದೇಹ ಬಳಸಿಕೊಳ್ಳೋಕೆ ಇದು ಬೇಕೇ ಬೇಕು. ಆದರೆ ಬೇಕಾಗೋದು ತೀರಾ ಕಡಿಮೆ. ದೊಡ್ಡವರಿಗೆ ದಿನಕ್ಕೆ ಸುಮಾರು 30 ಮೈಕ್ರೋಗ್ರಾಂ ಸಾಕು. ಒಂದು ಬೇಯಿಸಿದ ಮೊಟ್ಟೆಯಲ್ಲೇ ಸುಮಾರು 10 ಮೈಕ್ರೋಗ್ರಾಂ ಇರುತ್ತೆ. ನಮ್ಮ ಹೊಲದ ಶೇಂಗಾ, ಗೆಣಸು, ಕುರಿ ಲಿವರ್‌ನಲ್ಲೂ ಇದೆ. ಅಂಗಡಿಯ 10 ಮಿಲಿಗ್ರಾಂ ಮಾತ್ರೆ ಅಂದ್ರೆ 10,000 ಮೈಕ್ರೋಗ್ರಾಂ, ಅಂದ್ರೆ ಬೇಕಾದ್ದಕ್ಕಿಂತ 300 ಪಟ್ಟು ಜಾಸ್ತಿ!

ಕಸರತ್ತು ಮಾಡುವವರಿಗೆ ಒಂದು ಮಾತು. ಹಸಿ ಮೊಟ್ಟೆ ಕುಡಿಯಬೇಡಿ. ಹಸಿ ಬಿಳಿಭಾಗದಲ್ಲಿರುವ ಅವಿಡಿನ್ ಅನ್ನೋ ಪ್ರೋಟೀನ್ ಬಯೋಟಿನ್ ಅನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸಿಗದ ಹಾಗೆ ಮಾಡುತ್ತೆ. ಬೇಯಿಸಿದರೆ ಆ ತೊಂದರೆ ಇಲ್ಲ.

ಜಾಸ್ತಿ ಆದ್ರೆ ಮೂತ್ರದಲ್ಲಿ ಹೋಗುತ್ತೆ, ಏನಾಗುತ್ತೆ ಬಿಡಿ ಅಂತೀರಾ? ಅಪಾಯ ಇರೋದು ರಕ್ತ ಪರೀಕ್ಷೆಯಲ್ಲಿ. ಹಲವು ಲ್ಯಾಬ್ ಟೆಸ್ಟ್‌ಗಳು ಕೆಲಸ ಮಾಡೋದೇ ಬಯೋಟಿನ್ ಬಳಸಿ. ರಕ್ತದಲ್ಲಿ ಅದು ವಿಪರೀತ ಇದ್ದರೆ ಥೈರಾಯ್ಡ್ ರಿಪೋರ್ಟ್ ತಪ್ಪು ಬರಬಹುದು. ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆಯಲ್ಲಿ ಅಂಕಿ ಸುಳ್ಳಾಗಿ ಕಡಿಮೆ ಬರಬಹುದು. ಎದೆನೋವು ಅಂತ ಹೋದವರನ್ನು ಏನೂ ಇಲ್ಲ ಅಂತ ಮನೆಗೆ ಕಳಿಸಿಬಿಟ್ಟರೆ? ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ.

ಹಾಗಾಗಿ ನನ್ನ ಸಲಹೆ ಇಷ್ಟು:

- ಕೂದಲು ಉದುರೋಕೆ ರಕ್ತಹೀನತೆ, ಥೈರಾಯ್ಡ್, ಎರಡು ಮೂರು ತಿಂಗಳ ಹಿಂದೆ ಬಂದ ಡೆಂಗ್ಯೂ, ಟೈಫಾಯ್ಡ್ ಜ್ವರ, ಹೆರಿಗೆ ಹೀಗೆ ಕಾರಣ ಹಲವು. ಮೊದಲು ಡಾಕ್ಟರಿಗೆ ತೋರಿಸಿ.
- ಈಗಾಗಲೇ ಮಾತ್ರೆ ತಗೊಳ್ತಿದ್ರೆ ರಕ್ತ ಕೊಡೋ ಮುಂಚೆ ಡಾಕ್ಟರಿಗೂ ಲ್ಯಾಬಿನವರಿಗೂ ತಿಳಿಸಿ. ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಕೇಳಿ.
- ಫಿಟ್ಸ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಿಗೆ ಬಯೋಟಿನ್ ಕೊರತೆ ಬರಬಹುದು. ಅಂಥವರು ಡಾಕ್ಟರ್ ಹೇಳಿದರೆ ತಗೊಳ್ಳಲಿ. ಫಿಟ್ಸ್ ಮಾತ್ರೆ ಮಾತ್ರ ತಾವಾಗೇ ನಿಲ್ಲಿಸಬಾರದು.

ಮಿಕ್ಕವರಿಗೆ ಬೇಯಿಸಿದ ಮೊಟ್ಟೆ, ಒಂದು ಹಿಡಿ ಹುರಿದ ಶೇಂಗಾ, ದಿನದ ಊಟ ಸಾಕು. ಮನೆಯಲ್ಲಿ ಯಾರಾದ್ರೂ ಈ ಮಾತ್ರೆ ನುಂಗ್ತಿದ್ರೆ ಇದನ್ನ ಅವರಿಗೂ ಕಳಿಸಿ.